ಮನೆಯಲ್ಲೇ ಮೌಂಟನ್ ಬೈಕ್ ನಿರ್ವಹಣೆ: ಉಪಕರಣ ಕೊಳ್ಳುವ ಮೊದಲು ಬೋಲ್ಟ್ ನೋಡಿ

ಬೆಟ್ಟಗುಡ್ಡದ ಕಾಡುದಾರಿಗೆಂದು ಮಾಡಿದ ಸೈಕಲ್, ಅಂದರೆ ಮೌಂಟನ್ ಬೈಕ್, ಕೊಂಡ ಮೊದಲ ವರ್ಷ ನಾನು ಮೂವತ್ತಕ್ಕೂ ಹೆಚ್ಚು ಸಾಮಾನುಗಳಿದ್ದ ಒಂದು ಉಪಕರಣ ಪೆಟ್ಟಿಗೆಯನ್ನು ಕೊಂಡಿದ್ದೆ. ಅದರಲ್ಲಿ ಅರ್ಧದಷ್ಟು ನನ್ನ ಬೈಕಿನಲ್ಲಿ ಇಲ್ಲವೇ ಇಲ್ಲದ ಭಾಗಗಳಿಗಾಗಿ ಮಾಡಿದವು. ಪ್ರತಿ ವಾರ ಕೈಗೆ ಬೇಕಾಗುವ 5 ಮಿ.ಮೀ. ಅಲೆನ್ ಕೀಯ (ಬೋಲ್ಟಿನ ಆರು ಮೂಲೆಯ ಗುಳಿಗೆ ಹಾಕಿ ತಿರುಗಿಸುವ ಕೀ) ಉಕ್ಕಾದರೋ ಎಷ್ಟು ಮೆತ್ತಗಿತ್ತೆಂದರೆ, ಹಿಂದಿನ ಬ್ರೇಕ್ ಕ್ಯಾಲಿಪರ್‌ನ (ಬ್ರೇಕ್ ಪ್ಯಾಡ್‌ಗಳನ್ನು ಹಿಡಿದಿರುವ ಭಾಗ) ಬೋಲ್ಟನ್ನು ಬಿಚ್ಚಲು ಮೂರನೆಯ ಸಲ ಒತ್ತಿ ತಿರುಗಿಸಿದಾಗ ಅದರ ಮೂಲೆಗಳು ದುಂಡಗಾಗಿ, ಕೀ ಒಳಗೊಳಗೇ ಜಾರಿ, ಬೋಲ್ಟಿನ ಆರೂ ಮೂಲೆಗಳನ್ನು ಕೆರೆದುಹಾಕಿತು. ಕೊನೆಗೆ ಆ ಬೋಲ್ಟಿನ ತಲೆಯನ್ನು ಡ್ರಿಲ್‌ನಿಂದ ಕೊರೆದು ತೆಗೆಯಬೇಕಾಯಿತು. ಒಂದು ಇಡೀ ದಿನ ತಿಂದ ಆ ಕೆಲಸದಿಂದ ಎರಡು ಸಂಗತಿಗಳು ನನಗೆ ಮನದಟ್ಟಾದವು: ಉಪಕರಣ ಕೊಳ್ಳುವ ಮೊದಲು ನಮ್ಮ ಬೈಕಿನಲ್ಲಿ ಯಾವ ಯಾವ ಬೋಲ್ಟ್‌ಗಳಿವೆಯೆಂದು ತಿಳಿದಿರಬೇಕು, ಮತ್ತು ಬೋಲ್ಟನ್ನು ನೇರವಾಗಿ ಮುಟ್ಟುವ ಉಪಕರಣದಲ್ಲಿ ಜಿಪುಣತನ ಮಾಡಬಾರದು. ಮುಂದೆ ಹೇಳುವುದೆಲ್ಲ ಈ ಎರಡು ಮಾತುಗಳನ್ನು ಕೆಲಸಕ್ಕೆ ಇಳಿಸುವ ಬಗೆ.

ಮೊದಲು ಬೈಕನ್ನು ಓದಿಕೊಳ್ಳಿ

ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಒಂದೊಂದೇ ಬೋಲ್ಟನ್ನು ನೋಡುತ್ತಾ ಬನ್ನಿ. ಅದರ ತಲೆ ಷಟ್ಕೋನದ್ದೋ ನಕ್ಷತ್ರದಾಕಾರದ್ದೋ, ಅಳತೆ ಎಷ್ಟು, ಪಕ್ಕದಲ್ಲಿ ಏನಾದರೂ ಅಂಕಿ ಮುದ್ರಿತವಾಗಿದೆಯೇ ಎಂದು ಬರೆದುಕೊಳ್ಳಿ. ಹ್ಯಾಂಡಲ್‌ಬಾರನ್ನು ಹಿಡಿದಿರುವ ಸ್ಟೆಮ್ ಮೇಲೆ ಸಾಮಾನ್ಯವಾಗಿ 5 ಅಥವಾ 6 ನ್ಯೂಟನ್ ಮೀಟರ್ ಎಂಬ ಬಿಗಿತದ ಮಿತಿ ಕಾಣಿಸುತ್ತದೆ. ಬ್ರೇಕ್ ರೋಟರ್ (ಬ್ರೇಕ್ ಹಿಡಿಯುವ ಲೋಹದ ತಟ್ಟೆ) ಚಕ್ರದ ನಡುವಿನ ಹಬ್‌ಗೆ ಆರು ಸಣ್ಣ ಬೋಲ್ಟ್‌ಗಳಿಂದ ಸೇರಿದೆಯೋ ಅಥವಾ ಸೆಂಟರ್‌ಲಾಕ್ ಎಂಬ ಒಂದೇ ಉಂಗುರದಿಂದ ಸೇರಿದೆಯೋ ನೋಡಿ. ಬ್ರೇಕ್ ಲಿವರ್‌ನ ಎಣ್ಣೆ ತೊಟ್ಟಿಯ ಮೇಲೆ ಮಿನರಲ್ ಆಯಿಲ್ ಎಂದಿದೆಯೋ ಡಾಟ್ (ಇನ್ನೊಂದು ಬಗೆಯ ಬ್ರೇಕ್ ದ್ರವ) ಎಂದಿದೆಯೋ ಗಮನಿಸಿ. ಈ ಒಂದು ಪದ ಮುಂದೆ ಬ್ರೇಕಿನ ಎಣ್ಣೆ ಬದಲಿಸಿ ಗಾಳಿ ತೆಗೆಯಲು ಯಾವ ಬ್ಲೀಡ್ ಕಿಟ್ ಕೊಳ್ಳಬೇಕೆಂಬುದನ್ನು ನಿರ್ಧರಿಸುತ್ತದೆ. ಪೆಡಲ್ ಹಿಡಿದಿರುವ ತೋಳಾದ ಕ್ರ್ಯಾಂಕನ್ನು ಕಳಚಲು 8 ಮಿ.ಮೀ.ನ ಒಂದೇ ದೊಡ್ಡ ಬೋಲ್ಟ್ ಇದೆಯೇ ಅಥವಾ ಎಡ ಕ್ರ್ಯಾಂಕಿನಲ್ಲಿ 5 ಮಿ.ಮೀ.ನ ಎರಡು ಬೋಲ್ಟ್‌ಗಳಿವೆಯೇ, ಪೆಡಲ್‌ಗೆ 15 ಮಿ.ಮೀ. ಸ್ಪ್ಯಾನರ್ ಕೂರುವ ಜಾಗವಿದೆಯೇ ಅಥವಾ ಹಿಂಬದಿಯಿಂದ ಅಲೆನ್ ಕೀಯಷ್ಟೇ ಹೋಗುತ್ತದೆಯೇ, ಬಾಟಮ್ ಬ್ರ್ಯಾಕೆಟ್‌ನ (ಕ್ರ್ಯಾಂಕ್ ತಿರುಗುವ ಬೇರಿಂಗ್) ಬಟ್ಟಲುಗಳು ಹಲ್ಲುಗಳೊಂದಿಗೆ ಹೊರಗೆ ಕಾಣುತ್ತವೆಯೇ ಅಥವಾ ಫ್ರೇಮಿನೊಳಗೆ ಒತ್ತಿ ಕೂರಿಸಿದ್ದಾರೆಯೇ ಎಂಬುದನ್ನೂ ಸೇರಿಸಿ. ಹಿಂದೆ ಎಷ್ಟು ಗೇರ್‌ಗಳಿವೆ ಎಂಬ ಸಂಖ್ಯೆಯೂ ಹಾಳೆಯಲ್ಲಿರಲಿ.

ಈ ಪಟ್ಟಿ ಮಾಡಲು ಒಂದು ಗಂಟೆ ಸಾಕು. ಮುಗಿದಾಗ ನಿಮಗೆ ಕಾಣುವುದು ಇಷ್ಟು: ಈಗಿನ ಮೌಂಟನ್ ಬೈಕಿನ ಬಹುಪಾಲು ಬೋಲ್ಟ್‌ಗಳು 4, 5, 6 ಮಿ.ಮೀ. ಅಲೆನ್ ಕೀಗೆ ಅಥವಾ ಟಿ25 ಎಂಬ ನಕ್ಷತ್ರ ತುದಿಗೆ ಒಗ್ಗುತ್ತವೆ. ಉಳಿದ ಉಪಕರಣಗಳಲ್ಲಿ ಹೆಚ್ಚಿನವು ಒಂದೊಂದು ಭಾಗಕ್ಕೆ ಮಾತ್ರ ಬೇಕಾದವು. ಆ ಭಾಗದ ಕೆಲಸ ಎದುರಾದಾಗಲೇ ಅವನ್ನು ಕೊಳ್ಳಬಹುದು. ಪೆಟ್ಟಿಗೆಯ ರೂಪದಲ್ಲಿ ಮಾರುವ ಸೆಟ್‌ಗಳೆಲ್ಲ ಕೆಟ್ಟವಲ್ಲ, ಆದರೆ ನಿಮ್ಮ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಅದರೊಳಗಿನ ಸಾಮಾನುಗಳಲ್ಲಿ ಎಷ್ಟು ನಿಮ್ಮವೆಂದು ಎಣಿಸಿದ ಮೇಲೆಯೇ ತೀರ್ಮಾನಿಸಿ.

ಅಲೆನ್ ಕೀ

ಹಣ ಹೆಚ್ಚು ಹಾಕಬೇಕಾದ ಜಾಗ ಯಾವುದೆಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೇಳುವುದು ಇದನ್ನೇ. ಬೈಕಿನ ಬೋಲ್ಟ್‌ಗಳು ಚಿಕ್ಕವು, ಅವುಗಳ ತಲೆಯ ಗುಳಿ ಆಳವಿಲ್ಲದ್ದು, ಹಲವು ಬೋಲ್ಟ್‌ಗಳು ಅಲ್ಯೂಮಿನಿಯಂ ಅಥವಾ ಟೈಟಾನಿಯಂನವು. ಕೀಯ ಅಳತೆ ಕೂದಲೆಳೆಯಷ್ಟು ಕಡಿಮೆಯಾದರೂ ಬಲವೆಲ್ಲ ಮೂಲೆಗಳ ತುದಿಯ ಮೇಲೆ ಬೀಳುತ್ತದೆ, ಮೂಲೆ ಕಿತ್ತುಹೋಗುತ್ತದೆ. ಆದ್ದರಿಂದ 1.5, 2, 2.5, 3, 4, 5, 6 ಮತ್ತು 8 ಮಿ.ಮೀ. ಇರುವ, ಗಟ್ಟಿ ಉಕ್ಕಿನ, ಉದ್ದ ತೋಳಿನ ಎಲ್ ಆಕಾರದ ಒಂದು ಒಳ್ಳೆಯ ಸೆಟ್ ಕೊಂಡರೆ ಹತ್ತಾರು ವರ್ಷ ಬಾಳುತ್ತದೆ. ಸಾಧ್ಯವಾದರೆ ಕೊಳ್ಳುವ ಮೊದಲು ಕೀಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಅಂಚುಗಳು ಚೂಪಾಗಿ, ನೇರವಾಗಿ ಇರಬೇಕು. ತುದಿಯ ಮುಖ ಚಪ್ಪಟೆಯಾಗಿರಬೇಕು. ಬೋಲ್ಟಿನೊಳಗೆ ಇಟ್ಟು ಅಲುಗಾಡಿಸಿದಾಗ ಆಟ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು.

ಉದ್ದ ತೋಳಿನ ತುದಿಯಲ್ಲಿ ಗುಂಡು ತಲೆ ಇರುವ ಕೀಗಳು ಓರೆಯಾಗಿ ತಲುಪಬೇಕಾದ ಕಡೆ, ಉದಾಹರಣೆಗೆ ನೀರಿನ ಬಾಟಲಿಯ ಹಿಡಿಕೆಯ ಬೋಲ್ಟ್‌ಗಳಿಗೆ, ಬಹಳ ಅನುಕೂಲ. ಆದರೆ ಗುಂಡು ತಲೆಯಿಂದ ಸಡಿಲವಾದ ಬೋಲ್ಟನ್ನು ಬೇಗ ಬೇಗ ತಿರುಗಿಸಬಹುದೇ ಹೊರತು ಕೊನೆಯ ಬಿಗಿ ಕೊಡಲು ಅಥವಾ ಬಿಗಿದು ಕೂತದ್ದನ್ನು ಮೊದಲು ಕದಲಿಸಲು ಅದನ್ನು ಬಳಸಬಾರದು. ಆ ಕತ್ತು ತೆಳ್ಳಗಿರುತ್ತದೆ, ಬೋಲ್ಟನ್ನು ಮುಟ್ಟುವ ಜಾಗವೂ ಕಡಿಮೆ. 4, 5, 6 ಮಿ.ಮೀ. ಮೂರೂ ಒಂದೇ ಹಿಡಿಕೆಯಲ್ಲಿರುವ ವೈ ಆಕಾರದ ಕೀ ಒಂದಿದ್ದರೆ ದಿನನಿತ್ಯದ ಸಣ್ಣ ಹೊಂದಾಣಿಕೆಗೆ ಕೈ ಅದರತ್ತಲೇ ಹೋಗುತ್ತದೆ, ಆದರೂ ಅದು ಎರಡನೆಯ ಖರೀದಿ.

ಎಷ್ಟೇ ಒಳ್ಳೆಯ ಕೀಯಾದರೂ ಬೋಲ್ಟಿನ ಗುಳಿಯಲ್ಲಿ ಒಣಗಿದ ಕೆಸರಿದ್ದರೆ ಪ್ರಯೋಜನವಿಲ್ಲ. ಕಾಡುದಾರಿಯಲ್ಲಿ ಓಡಿದ ಬೈಕಿನಲ್ಲಿ, ಅದರಲ್ಲೂ ಕೆಳಮುಖವಾಗಿರುವ ಕ್ಯಾಲಿಪರ್ ಬೋಲ್ಟ್‌ಗಳಲ್ಲಿ, ಮಣ್ಣು ಗಾರೆಯಂತೆ ಕೂತಿರುತ್ತದೆ. ಕೀ ಅರ್ಧ ಮಾತ್ರ ಒಳಗೆ ಹೋಗಿ ಸರಿಯಾಗಿ ಕೂತಂತೆ ಅನಿಸುತ್ತದೆ. ಒಂದು ದಬ್ಬಳ ಅಥವಾ ಗಟ್ಟಿ ತಂತಿಯ ತುಂಡಿನಿಂದ ಗುಳಿಯ ತಳದವರೆಗೆ ಕೆದಕಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಕೀ ತಳಕ್ಕೆ ತಾಗಿದ ಟಕ್ ಎಂಬ ಸ್ಪರ್ಶ ಬೆರಳಿಗೆ ಸಿಕ್ಕಿದ ಮೇಲೆಯೇ ಬಲ ಹಾಕಿ. ನಾನು ಕೊರೆದು ತೆಗೆದ ಆ ಬೋಲ್ಟಿನ ತಳದಲ್ಲೂ ಮಣ್ಣಿತ್ತು. ಈ ದಬ್ಬಳ ಯಾವ ಉಪಕರಣ ಪೆಟ್ಟಿಗೆಯಲ್ಲೂ ಬರುವುದಿಲ್ಲ. ನನ್ನ ಮಟ್ಟಿಗೆ ಅದು ಕೀಯಷ್ಟೇ ಮುಖ್ಯವಾದ ಸಾಧನ.

ನಕ್ಷತ್ರ ತುದಿಗಳಲ್ಲಿ ಟಿ25 ಅನ್ನು ಪ್ರತ್ಯೇಕವಾಗಿ, ಗಟ್ಟಿಯಾದ ಹಿಡಿಕೆಯೊಂದಿಗೆ ಕೊಳ್ಳುವುದು ಒಳ್ಳೆಯದು, ಏಕೆಂದರೆ ಆರು ಬೋಲ್ಟ್‌ಗಳ ರೋಟರ್ ಬಿಚ್ಚುವಾಗ ಅವು ಅಂಟಿನ ಬಲದಿಂದ ಗಟ್ಟಿಯಾಗಿ ಹಿಡಿದಿರುತ್ತವೆ. ಟಿ10, ಟಿ30 ನಿಮ್ಮ ಹಾಳೆಯಲ್ಲಿದ್ದರೆ ಮಾತ್ರ ಕೊಳ್ಳಿ. ಇನ್ನು ಗೇರ್ ಬದಲಿಸುವ ಡಿರೇಲರ್‌ನ ಮಿತಿ ಸ್ಕ್ರೂಗಳು ಪ್ಲಸ್ ಆಕಾರದ ತಲೆಯವಾಗಿದ್ದರೆ ಒಂದು ಎಚ್ಚರಿಕೆ ಅಗತ್ಯ: ಜಪಾನಿನ ತಯಾರಕರ ಅನೇಕ ಭಾಗಗಳಲ್ಲಿರುವುದು ಫಿಲಿಪ್ಸ್ ತಲೆಯಂತೆ ಕಾಣುವ, ಆದರೆ ಜೆಐಎಸ್ ಎಂಬ ಜಪಾನಿ ಮಾನಕದ ತಲೆ. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಮೇಲಕ್ಕೆ ಜಾರಿ ಬರುತ್ತದೆ. ಜೆಐಎಸ್ ತುದಿಯ ಒಂದು ಸ್ಕ್ರೂಡ್ರೈವರ್ ಕೊಂಡರೆ ಈ ತೊಂದರೆ ಇರುವುದಿಲ್ಲ.

ಹಲವು ಕೀಗಳು ಮಡಚಿಕೊಳ್ಳುವ ಮಲ್ಟಿಟೂಲ್ ಸವಾರಿಯಲ್ಲಿ ಜೇಬಿನಲ್ಲಿರಲಿ. ಮನೆಯ ಕೆಲಸಕ್ಕೆ ಅದು ಯೋಗ್ಯವಲ್ಲ, ಕಾರಣ ಮುಂದಿನ ಲೆಕ್ಕದಲ್ಲಿದೆ.

ಟಾರ್ಕ್ ರೆಂಚ್

ಬೋಲ್ಟನ್ನು ತಿರುಗಿಸುವ ಬಲವೆಂದರೆ ಕೈ ಹಾಕಿದ ಬಲವನ್ನು ಸನ್ನೆಯ ಉದ್ದದಿಂದ ಗುಣಿಸಿದ್ದು. 5 ನ್ಯೂಟನ್ ಮೀಟರ್ ಬಿಗಿತ ಬೇಕಿದ್ದು ಕೀಯ ತೋಳು 20 ಸೆಂ.ಮೀ. ಇದ್ದರೆ, ತುದಿಯಲ್ಲಿ 25 ನ್ಯೂಟನ್, ಅಂದರೆ ಸುಮಾರು ಎರಡೂವರೆ ಕಿಲೋ ತೂಕ ನೇತುಹಾಕಿದಷ್ಟು ಬಲ ಸಾಕು. ಅದೇ ಬಿಗಿತಕ್ಕೆ 5 ಸೆಂ.ಮೀ. ಉದ್ದದ ಮಲ್ಟಿಟೂಲ್ ಕೀ ಹಿಡಿದರೆ ಹತ್ತು ಕಿಲೋ ತೂಕದಷ್ಟು ಒತ್ತಬೇಕು. ಕೈಗೆ ತಿಳಿಯುವುದು ಒತ್ತಡ ಮಾತ್ರ, ಬಿಗಿತವಲ್ಲ. ಹೀಗಾಗಿ ಚಿಕ್ಕ ಕೀಯಲ್ಲಿ ಅಭ್ಯಾಸವಾದ ಕೈ ಉದ್ದ ಕೀ ಹಿಡಿದಾಗ ತನಗೇ ತಿಳಿಯದೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಿಗಿಯುತ್ತದೆ. ಕಾರ್ಬನ್ ಹ್ಯಾಂಡಲ್‌ಬಾರ್ ಅಥವಾ ಸೀಟ್‌ಪೋಸ್ಟ್ ಇರುವವರಿಗೆ ಈ ತಪ್ಪು ಹೊರಗೆ ಕಾಣದ ಬಿರುಕಾಗಿ, ಇಳಿಜಾರಿನಲ್ಲಿ ಒಮ್ಮೆಲೇ ಮುರಿಯುವ ಅಪಾಯವಾಗಿ ಪರಿಣಮಿಸಬಹುದು. ಅದಕ್ಕಾಗಿಯೇ ನಾನು ಬಿಗಿತವನ್ನು ಅಳೆದು ತಿಳಿಸುವ ಟಾರ್ಕ್ ರೆಂಚನ್ನು ಐಷಾರಾಮದ ಸಾಲಿಗೆ ಸೇರಿಸುವುದಿಲ್ಲ. ಅಲೆನ್ ಕೀ ಸೆಟ್ ಆದ ಕೂಡಲೇ ಕೊಳ್ಳಬೇಕಾದದ್ದು ಅದೇ.

ಸುಮಾರು 2ರಿಂದ 15 ಅಥವಾ 20 ನ್ಯೂಟನ್ ಮೀಟರ್ ವ್ಯಾಪ್ತಿಯ ಚಿಕ್ಕ ರೆಂಚ್ ಮೊದಲು ಬೇಕಾದದ್ದು. ಸ್ಟೆಮ್, ಬ್ರೇಕ್ ಲಿವರ್, ಕ್ಯಾಲಿಪರ್, ಆರು ಬೋಲ್ಟ್‌ಗಳ ರೋಟರ್, ಸೀಟ್ ಕ್ಲ್ಯಾಂಪ್, ಬಿಡಿಭಾಗ ತಯಾರಕ ಶಿಮಾನೋದ ಎಡ ಕ್ರ್ಯಾಂಕಿನ 12ರಿಂದ 14 ನ್ಯೂಟನ್ ಮೀಟರ್‌ನ ಎರಡು ಬೋಲ್ಟ್‌ಗಳು, ಎಲ್ಲವೂ ಅದರೊಳಗೆ ಬರುತ್ತವೆ. ಹಿಂದಿನ ಹಲ್ಲುಚಕ್ರಗಳ ಗುಂಪಾದ ಕ್ಯಾಸೆಟ್‌ನ ಉಂಗುರಕ್ಕೆ 40, ಇನ್ನೊಂದು ತಯಾರಕ ಸ್ರಾಮ್‌ನ ಡಬ್ ಮಾದರಿಯ ಕ್ರ್ಯಾಂಕಿಗೆ 54 ನ್ಯೂಟನ್ ಮೀಟರ್‌ನಂತಹ ದೊಡ್ಡ ಬಿಗಿತಗಳಿಗೆ 60ರವರೆಗೆ ಹೋಗುವ ಇನ್ನೊಂದು ರೆಂಚ್ ಬೇಕಾಗುತ್ತದೆ, ಅದಕ್ಕೆ ಅವಸರವಿಲ್ಲ. ಒಂದೇ ರೆಂಚ್‌ನಲ್ಲಿ ಎರಡೂ ಆಗಲಿ ಎಂದು 5ರಿಂದ 60ರ ವ್ಯಾಪ್ತಿಯದ್ದನ್ನು ಕೊಳ್ಳುವ ಆಸೆ ಸಹಜ, ಆದರೆ ವ್ಯಾಪ್ತಿಯ ತೀರಾ ಕೆಳತುದಿಯಲ್ಲಿ ಇಂತಹ ರೆಂಚ್‌ಗಳ ನಿಖರತೆ ಕಡಿಮೆ, ನಮಗೆ ಹೆಚ್ಚು ನಿಖರತೆ ಬೇಕಾಗುವುದೋ ಅಲ್ಲಿಯೇ.

ಬಳಸುವ ರೀತಿಯೂ ಕೊಳ್ಳುವಷ್ಟೇ ಮುಖ್ಯ. 4 ಅಥವಾ 5 ನ್ಯೂಟನ್ ಮೀಟರ್‌ನಲ್ಲಿ ಬಿಗಿತ ಮುಟ್ಟಿತೆಂದು ರೆಂಚ್ ಮಾಡುವ ಕ್ಲಿಕ್ ಶಬ್ದ ಬಹಳ ಮೆಲುವಾಗಿರುತ್ತದೆ. ಹಿಡಿಕೆ ಅಂಗೈಯಲ್ಲಿ ಒಂದಿಷ್ಟು ಕುಸಿದಂತಾಗುವುದೇ ಅದರ ಗುರುತು. ಮೊದಲ ಸಲ ಬಳಸುವವರು ಶಬ್ದಕ್ಕಾಗಿ ಕಾಯುತ್ತಾ ಆ ಕುಸಿತವನ್ನು ದಾಟಿ ಒತ್ತಿಬಿಡುತ್ತಾರೆ. ಬೈಕಿನ ಮೇಲೆ ಬಳಸುವ ಮೊದಲು ಯಾವುದಾದರೂ ಹಳೆಯ ಬೋಲ್ಟ್ ಮೇಲೆ ಹತ್ತು ಸಲ ಅಭ್ಯಾಸ ಮಾಡಿ, ಕೈಗೆ ಅದರ ಪರಿಚಯವಾಗಲಿ. ಬೋಲ್ಟ್ ಸಡಿಲಿಸಲು ಈ ರೆಂಚ್ ಬಳಸಬೇಡಿ, ಕೆಲಸ ಮುಗಿದ ಮೇಲೆ ಅದನ್ನು ಅಳತೆಯ ಕನಿಷ್ಠಕ್ಕೆ ಇಳಿಸಿಡಿ, ಒಳಗಿನ ಸ್ಪ್ರಿಂಗ್ ಒತ್ತಡದಲ್ಲಿ ಉಳಿಯಬಾರದು. ಅಂಕಿಯನ್ನು ಮಾತ್ರ ಆಯಾ ಭಾಗದ ತಯಾರಕರಿಂದಲೇ ತೆಗೆದುಕೊಳ್ಳಿ. ಒಂದೇ ಟಿ25 ತಲೆಯ ರೋಟರ್ ಬೋಲ್ಟಿಗೆ ಶಿಮಾನೋ 2ರಿಂದ 4 ನ್ಯೂಟನ್ ಮೀಟರ್ ಎಂದರೆ ಸ್ರಾಮ್ 6.2 ಎನ್ನುತ್ತದೆ; ಅಂದಾಜಿಗೆ ಇಲ್ಲಿ ಜಾಗವಿಲ್ಲ.

ಸ್ಟ್ಯಾಂಡ್ ಮತ್ತು ಪಂಪ್‌ಗಳು

ಬೈಕನ್ನು ತಲೆಕೆಳಗಾಗಿ ನಿಲ್ಲಿಸಿ ಕೆಲಸ ಮಾಡುವುದು ಅನೇಕರ ರೂಢಿ. ಮೌಂಟನ್ ಬೈಕಿನಲ್ಲಿ ಅದರಿಂದ ಲಿವರ್‌ಗಳು, ಡ್ರಾಪರ್ (ಸವಾರಿಯಲ್ಲೇ ಏರಿಸಿ ಇಳಿಸುವ ಸೀಟ್‌ಪೋಸ್ಟ್) ಗುಂಡಿ ನೆಲಕ್ಕೆ ಉಜ್ಜುತ್ತವೆ. ಹೈಡ್ರಾಲಿಕ್ ಬ್ರೇಕಿನ ತೊಟ್ಟಿಯಲ್ಲಿ ಒಂದಿಷ್ಟು ಗಾಳಿ ಸೇರಿದ್ದರೆ ಅದು ಪೈಪಿನೊಳಗೆ ಹೊಕ್ಕು ಬ್ರೇಕ್ ಮೆತ್ತಗಾಗಲೂಬಹುದು. ರಿಪೇರಿ ಸ್ಟ್ಯಾಂಡ್ ಕೊಳ್ಳುವುದಾದರೆ ಅಗಲವಾದ ಕಾಲುಗಳು, ಬೈಕಿನ ತೂಕಕ್ಕೆ ಅಲುಗದ ಕಂಬ, ರಬ್ಬರ್ ಹಚ್ಚಿದ ದವಡೆ ಇರುವುದನ್ನು ನೋಡಿ. ದವಡೆ ಫ್ರೇಮಿನ ಕೊಳವೆಯನ್ನು ಹಿಡಿಯಬಾರದು, ಸೀಟ್‌ಪೋಸ್ಟನ್ನು ಹಿಡಿಯಬೇಕು. ಡ್ರಾಪರ್ ಇದ್ದರೆ ಮೇಲೆ ಕೆಳಗೆ ಸರಿಯುವ ನುಣುಪಾದ ಭಾಗವನ್ನು ಬಿಟ್ಟು, ಅದರ ಕೆಳಗಿನ ಹೊರಕೊಳವೆಯನ್ನು ಫ್ರೇಮಿನಿಂದ ಸ್ವಲ್ಪ ಮೇಲಕ್ಕೆಳೆದು ಅಲ್ಲಿ ಹಿಡಿಸಿ. ಸ್ಟ್ಯಾಂಡ್‌ಗೆ ಜಾಗವಿಲ್ಲದವರು ತೊಲೆಗೆ ಗಟ್ಟಿ ಹಗ್ಗ ಕಟ್ಟಿ ಸೀಟಿನ ಮೂತಿಯಿಂದ ಬೈಕನ್ನು ನೇತುಹಾಕಿದರೂ ಗೇರ್ ಹೊಂದಿಸುವ ಕೆಲಸ ಚೆನ್ನಾಗಿಯೇ ನಡೆಯುತ್ತದೆ.

ಪಂಪ್ ಎರಡು ಬೇಕು, ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಟೈರ್‌ಗೆ ನಿಂತು ಹೊಡೆಯುವ ದೊಡ್ಡ ಪಂಪ್. ಮೌಂಟನ್ ಬೈಕ್ ಟೈರ್‌ಗಳಿಗೆ ಸಾಮಾನ್ಯವಾಗಿ 20ರಿಂದ 30 ಪಿಎಸ್‌ಐ ಸಾಕಾಗುವುದರಿಂದ, 160 ಪಿಎಸ್‌ಐವರೆಗೆ ಗುರುತಿರುವ ಗೇಜ್‌ನಲ್ಲಿ ಮುಳ್ಳು ಸದಾ ಮೂಲೆಯಲ್ಲೇ ನಿಂತು ನಂಬಲಾಗದ ಅಳತೆ ಕೊಡುತ್ತದೆ. ಒಂದೆರಡು ಪಿಎಸ್‌ಐ ವ್ಯತ್ಯಾಸವೇ ತಿರುವಿನಲ್ಲಿ ಟೈರಿನ ಹಿಡಿತವನ್ನು ಬದಲಿಸುವ ಈ ಬೈಕಿಗೆ ಕಡಿಮೆ ಒತ್ತಡದ ಪ್ರತ್ಯೇಕ ಗೇಜ್ ಕೊಂಡರೆ ಹಣ ವ್ಯರ್ಥವಾಗದು.

ಕುಲುಕನ್ನು ತಾಳುವ, ಗಾಳಿಯಿಂದ ಕೆಲಸ ಮಾಡುವ ಮುಂದಿನ ಫೋರ್ಕ್ ಮತ್ತು ಹಿಂದಿನ ಶಾಕ್‌ಗೆ 300 ಪಿಎಸ್‌ಐವರೆಗೆ ಹೋಗುವ ಚಿಕ್ಕ ಶಾಕ್ ಪಂಪ್ ಬೇಕು. ಶಾಕ್‌ನೊಳಗಿನ ಗಾಳಿಯ ಕೋಣೆ ಎಷ್ಟು ಚಿಕ್ಕದೆಂದರೆ, ಪಂಪನ್ನು ತಿರುಗಿಸಿ ಜೋಡಿಸಿದ ಕೂಡಲೇ ಸ್ವಲ್ಪ ಗಾಳಿ ಪಂಪಿನ ಕೊಳವೆಗೆ ಹರಿದು ಗೇಜ್‌ನ ಮುಳ್ಳು ನೀವು ಮೊನ್ನೆ ತುಂಬಿಸಿದ್ದಕ್ಕಿಂತ ಕೆಳಗೆ ನಿಲ್ಲುತ್ತದೆ. ಇದನ್ನು ಕಂಡು ಶಾಕ್ ಸೋರುತ್ತಿದೆ ಎಂದು ಗಾಬರಿಯಾಗುವವರು ಬಹಳ. ಹಾಗೆಯೇ ಕಳಚುವಾಗ ಕೇಳುವ ಸುಯ್ ಎಂಬ ಸದ್ದು ಕೊಳವೆಯಲ್ಲಿ ಉಳಿದಿದ್ದ ಗಾಳಿಯದು, ಶಾಕ್‌ನದ್ದಲ್ಲ. ತುಂಬಿಸಬೇಕಾದ ಒತ್ತಡಕ್ಕೆ ಮುಳ್ಳು ಬಂದು ನಿಂತಿತೆಂದರೆ ಅಷ್ಟೇ ಒಳಗಿದೆ ಎಂದು ನಂಬಿ ಕಳಚಿ. ಕೊಳ್ಳುವಾಗ ಗುಂಡಿ ಒತ್ತಿ ಸ್ವಲ್ಪ ಸ್ವಲ್ಪವೇ ಗಾಳಿ ಬಿಡುವ ಸೌಲಭ್ಯ ಇದೆಯೇ ನೋಡಿ, ಸರಿಯಾದ ಸ್ಯಾಗ್ (ಸವಾರ ಕೂತಾಗ ಶಾಕ್ ಕುಗ್ಗುವ ಪ್ರಮಾಣ) ಸಿಗುವುದು ಆ ಚಿಕ್ಕ ಗುಂಡಿಯಿಂದಲೇ.

ಚೈನ್, ಗೇರ್ ಮತ್ತು ಕೇಬಲ್

ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅಂತರ ಅರ್ಧ ಇಂಚು, ಅಂದರೆ 12.7 ಮಿ.ಮೀ. ಹೊಸ ಚೈನಿನಲ್ಲಿ ಇಪ್ಪತ್ತನಾಲ್ಕು ಅಂತರಗಳು ಸೇರಿ 304.8 ಮಿ.ಮೀ. ಆಗುತ್ತವೆ. ಪಿನ್ನುಗಳು ಸವೆದಂತೆ ಇದು ಉದ್ದವಾಗುತ್ತದೆ; ಶೇಕಡಾ 0.5 ಸವೆತ ಎಂದರೆ 306.3 ಮಿ.ಮೀ., ಅಂದರೆ ಬರಿಯ ಒಂದೂವರೆ ಮಿಲಿಮೀಟರ್ ಹೆಚ್ಚು. 11 ಮತ್ತು 12 ಗೇರ್‌ಗಳ ಬೈಕಿನಲ್ಲಿ ಸಾಮಾನ್ಯವಾಗಿ ಇಷ್ಟಕ್ಕೇ, 10 ಅಥವಾ ಅದಕ್ಕಿಂತ ಕಡಿಮೆ ಗೇರ್ ಇರುವಲ್ಲಿ ಶೇಕಡಾ 0.75ಕ್ಕೆ ಚೈನ್ ಬದಲಿಸುವುದು ವಾಡಿಕೆ. ನಿಮ್ಮ ತಯಾರಕರು ಬೇರೆ ಅಂಕಿ ಹೇಳಿದ್ದರೆ ಅದನ್ನೇ ಅನುಸರಿಸಿ. ಉಕ್ಕಿನ ಸ್ಕೇಲ್ ಹಿಡಿದು ಅಳೆಯಬಹುದಾದರೂ ಒಂದೂವರೆ ಮಿಲಿಮೀಟರನ್ನು ಕಣ್ಣು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಚೈನ್ ಸವೆತ ಅಳೆಯುವ ಚಪ್ಪಟೆ ಗೇಜ್ ಬಹಳ ಅಗ್ಗದ ವಸ್ತು, ಅದನ್ನು ತಪ್ಪದೆ ಕೊಳ್ಳಿ. ಸವೆದ ಚೈನ್ ತನ್ನ ಉದ್ದಕ್ಕೆ ತಕ್ಕಂತೆ ಕ್ಯಾಸೆಟ್‌ನ ಹಲ್ಲುಗಳನ್ನೂ ಸವೆಸುತ್ತಾ ಹೋಗುತ್ತದೆ, ಕ್ಯಾಸೆಟ್‌ನ ಬೆಲೆಯ ಮುಂದೆ ಚೈನಿನ ಬೆಲೆ ಏನೂ ಅಲ್ಲ.

ಚೈನ್ ತುಂಡರಿಸುವ ಬ್ರೇಕರ್, ಕ್ವಿಕ್ ಲಿಂಕ್ (ಚೈನಿನ ತುದಿಗಳನ್ನು ಸೇರಿಸುವ ಕೊಂಡಿ) ತೆಗೆಯುವ ಇಕ್ಕಳ, ಎರಡೂ ಬೇಕು. ಬ್ರೇಕರ್ ಕೊಳ್ಳುವಾಗ ನಿಮ್ಮ ಗೇರ್ ಸಂಖ್ಯೆಯ ಚೈನಿಗೆ ಹೊಂದುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ; 12 ಗೇರಿನ ಕಿರಿದಾದ ಚೈನ್ ಹಳೆಯ ಬ್ರೇಕರ್‌ನ ತೊಟ್ಟಿಲಲ್ಲಿ ಅಲುಗಾಡಿ ಅದರ ಪಿನ್ನು ಬಾಗುತ್ತದೆ. ಕ್ಯಾಸೆಟ್ ಬಿಚ್ಚಲು ಅದು ತಿರುಗದಂತೆ ಹಿಡಿಯುವ ಚೈನ್ ವಿಪ್ ಮತ್ತು ಹಲ್ಲಿನ ಲಾಕ್‌ರಿಂಗ್ ಉಪಕರಣ ಜೊತೆಜೊತೆಯಾಗಿ ಬೇಕು. ಶಿಮಾನೋ ಮತ್ತು ಸ್ರಾಮ್ ಕ್ಯಾಸೆಟ್‌ಗಳಿಗೆ ಒಂದೇ ಉಪಕರಣ ಹೊಂದುತ್ತದೆ, ಒಳಹಲ್ಲಿನ ಸೆಂಟರ್‌ಲಾಕ್ ರೋಟರ್ ಉಂಗುರಕ್ಕೂ ಅದೇ ಸಾಕು. ಹೊರಹಲ್ಲಿನ ಉಂಗುರವಿದ್ದರೆ ಮಾತ್ರ ಬಾಟಮ್ ಬ್ರ್ಯಾಕೆಟ್‌ನ ಹದಿನಾರು ಹಲ್ಲಿನ ಸ್ಪ್ಯಾನರ್ ಬೇಕಾಗುತ್ತದೆ. ನಿಮ್ಮ ಹಾಳೆಯಲ್ಲಿ ಬರೆದ ಒಂದೊಂದು ಸಾಲು ಹೀಗೆ ಒಂದೊಂದು ಖರೀದಿಯನ್ನು ಉಳಿಸುತ್ತದೆ.

ಕೇಬಲ್ ಕತ್ತರಿಸಲು ಮನೆಯ ಕಟಿಂಗ್ ಪ್ಲೇಯರ್ ಸಾಲದು. ಗೇರ್ ಕೇಬಲ್ 1.1 ಅಥವಾ 1.2 ಮಿ.ಮೀ. ದಪ್ಪದ, ಹಲವು ಎಳೆಗಳನ್ನು ಹೆಣೆದ ಉಕ್ಕಿನ ತಂತಿ. ಸಾಮಾನ್ಯ ಇಕ್ಕಳ ಅದನ್ನು ಜಜ್ಜುತ್ತದೆ, ಎಳೆಗಳು ಪೊರಕೆಯಂತೆ ಬಿಚ್ಚಿಕೊಂಡು ಮತ್ತೆ ಹೊರಪೈಪಿನೊಳಗೆ ತೂರುವುದೇ ಇಲ್ಲ. ನಾಲ್ಕೂ ಕಡೆಯಿಂದ ಸುತ್ತುವರಿದು ಕತ್ತರಿಸುವ ಬಾಯಿಯಿರುವ ಕೇಬಲ್ ಕಟರ್ ಬೇಕು. ಹೊರಪೈಪ್ ಕತ್ತರಿಸಿದ ಮೇಲೆ ಮುಚ್ಚಿಹೋದ ಅದರ ಬಾಯನ್ನು ದಬ್ಬಳದಿಂದ ಬಿಡಿಸಿ, ತುದಿಯನ್ನು ಅರದಿಂದ ಚಪ್ಪಟೆ ಮಾಡಿದರೆ ಗೇರ್ ಹಗುರವಾಗಿ ಬದಲಾಗುತ್ತದೆ.

ಎಷ್ಟು ಹೊಂದಿಸಿದರೂ ಗೇರ್ ಸರಿಯಾಗದಿದ್ದರೆ ಡಿರೇಲರ್ ತೂಗುವ ಹ್ಯಾಂಗರ್ ಬಾಗಿರುವ ಸಂಭವ ಹೆಚ್ಚು. ಮೌಂಟನ್ ಬೈಕ್ ಬಲಕ್ಕೆ ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಅದೇ. ಡಿರೇಲರ್ ತೆಗೆದು ಆ ರಂಧ್ರಕ್ಕೆ ಹ್ಯಾಂಗರ್ ಗೇಜನ್ನು ತಿರುಗಿಸಿ ಕೂರಿಸಿ, ರಿಮ್‌ನ ಮೇಲೂ ಕೆಳಗೂ ಮುಂದೂ ಹಿಂದೂ ಅಂತರ ಅಳೆದು, ವ್ಯತ್ಯಾಸವಿದ್ದ ಕಡೆ ನಿಧಾನವಾಗಿ ಬಗ್ಗಿಸಿ ನೇರ ಮಾಡಬಹುದು. ಕಲ್ಲುದಾರಿಯಲ್ಲಿ ಆಗಾಗ ಬೀಳುವವರಿಗೆ ಇದು ಉಪಯುಕ್ತ. ಉಳಿದವರು ಬದಲಿ ಹ್ಯಾಂಗರ್ ಒಂದನ್ನು ಮನೆಯಲ್ಲಿಟ್ಟುಕೊಂಡರೆ ಸಾಕು.

ಪೆಡಲ್ ಬಗ್ಗೆ ಒಂದೇ ಮಾತು: ಎಡ ಪೆಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ. ಬಿಚ್ಚುವಾಗ ಅದನ್ನು ಮರೆತು ಉದ್ದ ಸ್ಪ್ಯಾನರ್‌ನಿಂದ ಬಲ ಹಾಕಿದರೆ ಇನ್ನಷ್ಟು ಬಿಗಿಯುತ್ತದೆ. ಎರಡೂ ಪೆಡಲ್‌ಗಳು ಬೈಕಿನ ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಬಿಚ್ಚುತ್ತವೆ ಎಂದು ನೆನಪಿಟ್ಟುಕೊಳ್ಳಿ.

ಬ್ರೇಕ್

ಬ್ರೇಕ್ ಎಣ್ಣೆಯ ವಿಷಯದಲ್ಲಿ ಹಾಳೆಯಲ್ಲಿ ಬರೆದುಕೊಂಡ ಪದ ಈಗ ಉಪಯೋಗಕ್ಕೆ ಬರುತ್ತದೆ. ಶಿಮಾನೋ, ಮಗುರಾ ಮಿನರಲ್ ಆಯಿಲ್ ಬಳಸುತ್ತವೆ. ಸ್ರಾಮ್‌ನ ಬಹಳಷ್ಟು ಬ್ರೇಕ್‌ಗಳು ಡಾಟ್ ದ್ರವವನ್ನು, ಕೆಲವು ಮಿನರಲ್ ಆಯಿಲನ್ನು ಬಳಸುತ್ತವೆ. ಆದ್ದರಿಂದ ಹೆಸರು ನೋಡಿ ಊಹಿಸಬೇಡಿ, ಲಿವರ್ ಮೇಲೆ ಬರೆದದ್ದನ್ನು ಓದಿ. ಒಂದರ ಬದಲು ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲುಗಳು ಹಾಳಾಗಿ ಬ್ರೇಕ್ ಕೈಕೊಡುತ್ತದೆ. ಡಾಟ್‌ಗೆ ಬಳಸಿದ ಸಿರಿಂಜನ್ನು ಮಿನರಲ್‌ಗೆ ಬಳಸುವುದೂ ಬೇಡ. ಡಾಟ್ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಬಣ್ಣವನ್ನು ಕರಗಿಸುತ್ತದೆ; ಮುಚ್ಚಳ ತೆರೆದು ಬಹುಕಾಲ ಇಟ್ಟ ಬಾಟಲಿಯನ್ನು ಮತ್ತೆ ಬಳಸಬೇಡಿ.

ಶಿಮಾನೋಗೆ ಲಿವರ್ ಮೇಲೆ ಕೂರುವ ಆಲಿಕೆ ಮತ್ತು ಕ್ಯಾಲಿಪರ್‌ಗೆ ಒಂದು ಸಿರಿಂಜ್, ಸ್ರಾಮ್‌ಗೆ ಎರಡು ಸಿರಿಂಜ್‌ಗಳು ಬೇಕಾಗುತ್ತವೆ. ಪಿಸ್ಟನ್‌ಗಳನ್ನು ಒಳಗೆ ತಳ್ಳಲು ದುಬಾರಿ ಉಪಕರಣ ಬೇಕಿಲ್ಲ. ಸವೆದ ಹಳೆಯ ಪ್ಯಾಡ್‌ಗಳನ್ನು ಹಾಗೆಯೇ ಇರಿಸಿ ಅವುಗಳ ನಡುವೆ ಪ್ಲಾಸ್ಟಿಕ್ ಟೈರ್ ಲಿವರ್ ತೂರಿ ಮೆಲ್ಲಗೆ ಬಿಡಿಸಿದರೆ ಪಿಸ್ಟನ್‌ಗೆ ಗೀರೂ ಬೀಳುವುದಿಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಆದರೆ ವರ್ನಿಯರ್ ಕ್ಯಾಲಿಪರ್ ಒಂದಿರಲಿ. ರೋಟರ್ ದಪ್ಪ ಶಿಮಾನೋದಲ್ಲಿ 1.5, ಸ್ರಾಮ್‌ನಲ್ಲಿ 1.55 ಮಿ.ಮೀ.ಗೆ ಇಳಿದರೆ ಬದಲಿಸಬೇಕು, ಕಣ್ಣಳತೆಗೆ ಇದು ಸಿಗುವುದಿಲ್ಲ. ಸೀಟ್‌ಪೋಸ್ಟ್ ಕೊಳ್ಳುವಾಗ 30.9 ಬೇಕೋ 31.6 ಬೇಕೋ ಎಂಬುದನ್ನೂ ಅದೇ ಹೇಳುತ್ತದೆ. ರೋಟರ್ ಒರೆಸಲು ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಬೇರೆ ಯಾವುದಕ್ಕೂ ಬಳಸದ ಒಂದು ಬಟ್ಟೆ ಮೀಸಲಿಡಿ. ಎಣ್ಣೆಯ ಸ್ಪ್ರೇ ಡಬ್ಬಿಯನ್ನು ಬ್ರೇಕಿನ ಹತ್ತಿರ ತರಲೇಬೇಡಿ.

ಟೈರ್, ಕಡ್ಡಿ, ಗ್ರೀಸ್

ಟ್ಯೂಬ್‌ಲೆಸ್ ಟೈರ್ ಇರುವವರಿಗೆ ವಾಲ್ವಿನ ಒಳತಿರುಳು ತೆಗೆಯುವ ಚಿಕ್ಕ ಕೀ, ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಲು ಒಂದು ಸಿರಿಂಜ್, ಪ್ಲಾಸ್ಟಿಕ್ ಟೈರ್ ಲಿವರ್ ಎರಡು ಸಾಕು. ಒಳತಿರುಳು ತೆಗೆದು ಪಂಪ್ ಹೊಡೆದರೆ ಗಾಳಿ ಒಮ್ಮೆಲೇ ನುಗ್ಗಿ ಎಷ್ಟೋ ಟೈರ್‌ಗಳು ಸಾಧಾರಣ ಪಂಪಿನಿಂದಲೇ ರಿಮ್‌ಗೆ ಕೂರುತ್ತವೆ. ಹೆಚ್ಚು ಗಾಳಿ ಹಿಡಿದಿಡುವ ತೊಟ್ಟಿ ಪಂಪ್ ಕೊಳ್ಳುವ ಮೊದಲು ಇದನ್ನು ಪ್ರಯತ್ನಿಸಿ.

ಚಕ್ರದ ಕಡ್ಡಿ (ಸ್ಪೋಕ್) ಬಿಗಿಯುವ ಕೀಯಲ್ಲಿ ಸಾಮಾನ್ಯವಾಗಿ 3.23, 3.30, 3.45 ಮಿ.ಮೀ. ಎಂಬ ಮೂರು ಅಳತೆಗಳಿವೆ. ಹತ್ತು ಅಳತೆಯ ಗುಂಡನೆಯ ಕೀಗಳು ಯಾವುದಕ್ಕೂ ಸರಿಯಾಗಿ ಕೂರದೆ ಕಡ್ಡಿಯ ತುದಿಯ ನಟ್ಟಾದ ನಿಪ್ಪಲ್‌ಗಳನ್ನು ದುಂಡಗೆ ಮಾಡುತ್ತವೆ. ನಿಮ್ಮ ನಿಪ್ಪಲ್ ಅಳೆದು ಅದೊಂದೇ ಅಳತೆಯ ಕೀ ಕೊಳ್ಳಿ.

ಗ್ರೀಸ್ ಉಪಕರಣವಲ್ಲವೆಂದು ಪಟ್ಟಿಯಿಂದ ಬಿಡಬೇಡಿ. 1976ರ ಅಕ್ಟೋಬರ್ 21ರಂದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಶುರುವಾದ ಇಳಿಜಾರಿನ ಸ್ಪರ್ಧೆಗೆ ರೀಪ್ಯಾಕ್ ಎಂದು ಹೆಸರು ಬಂದದ್ದೇ ಅದರಿಂದ. ಹಿಂದಿನ ಹಬ್‌ನಲ್ಲಿದ್ದ ಬ್ರೇಕ್ ಕಾದು ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಒಂದು ಇಳಿಜಾರು ಮುಗಿದ ಮೇಲೆ ಹಬ್ ಬಿಚ್ಚಿ ಮತ್ತೆ ಗ್ರೀಸ್ ತುಂಬಬೇಕಾಗುತ್ತಿತ್ತು. ಇಂದಿನ ಬೈಕಿನಲ್ಲಿ ಪೆಡಲ್ ಥ್ರೆಡ್, ಆಕ್ಸಲ್, ಲೋಹದ ಸೀಟ್‌ಪೋಸ್ಟ್‌ಗೆ ಗ್ರೀಸ್, ರೋಟರ್ ಬೋಲ್ಟ್‌ಗಳಿಗೆ ನೀಲಿ ಬಣ್ಣದ ಮಧ್ಯಮ ಥ್ರೆಡ್‌ಲಾಕರ್ ಅಂಟು, ಕಾರ್ಬನ್ ಭಾಗಗಳಿಗೆ ಗ್ರೀಸ್ ಬದಲು ಹರಳುಹರಳಾದ ಕಾರ್ಬನ್ ಪೇಸ್ಟ್, ಇಷ್ಟಿದ್ದರೆ ಸಾಕು.

ಈಗಲೇ ಬೇಡವಾದವು

ಒತ್ತಿ ಕೂರಿಸಿದ ಬಾಟಮ್ ಬ್ರ್ಯಾಕೆಟ್ ಮತ್ತು ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬಟ್ಟಲುಗಳ ಪ್ರೆಸ್, ಫ್ರೇಮಿನ ಮುಖ ಕೊರೆಯುವ ಕಟರ್, ಶಾಕ್‌ನ ಡ್ಯಾಂಪರ್ ಬಿಚ್ಚುವ ಸಾಧನಗಳು ಮನೆಗೆ ಬೇಕಿಲ್ಲ. ವರ್ಷಕ್ಕೊಮ್ಮೆ ಬರುವ, ತಪ್ಪಾದರೆ ಫ್ರೇಮೇ ಹೋಗುವ ಕೆಲಸಗಳಿವು. ನುರಿತ ಮೆಕ್ಯಾನಿಕ್‌ಗೆ ಒಪ್ಪಿಸಿ. ಫೋರ್ಕ್‌ನ ಕೆಳಕಾಲುಗಳ ಎಣ್ಣೆ ಬದಲಿಸುವುದು ಮಾತ್ರ ಕಲಿಯಬಹುದಾದ ಕೆಲಸ. ಫೋರ್ಕ್ ತಯಾರಕ ರಾಕ್‌ಶಾಕ್ಸ್ ಇದನ್ನು 50 ಗಂಟೆಗಳ ಸವಾರಿಗೊಮ್ಮೆ ಮಾಡಲು ಹೇಳುತ್ತದೆ. ಮೆತ್ತನೆಯ ತಲೆಯ ಸುತ್ತಿಗೆ, ಮಿಲಿಲೀಟರ್ ಗುರುತಿನ ಸಿರಿಂಜ್, ಆ ಫೋರ್ಕ್‌ಗೇ ಹೇಳಿದ ಎಣ್ಣೆ, ತಯಾರಕರ ಕೈಪಿಡಿ ಇದ್ದರೆ ಒಂದು ವರ್ಷ ಉಳಿದ ಕೆಲಸಗಳಲ್ಲಿ ಕೈ ಪಳಗಿದ ಮೇಲೆ ಅದಕ್ಕೆ ಇಳಿಯಿರಿ.

ಬೋಲ್ಟ್‌ಗಳ ಹಾಳೆಯನ್ನು ಉಪಕರಣ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಡಿ. ಹೊಸ ಕ್ರ್ಯಾಂಕ್ ಬಂದಾಗ, ಬ್ರೇಕ್ ಬದಲಾದಾಗ ಹಳೆಯ ಸಾಲನ್ನು ಹೊಡೆದು ಹೊಸ ಅಳತೆ, ಹೊಸ ಬಿಗಿತ, ಎಣ್ಣೆಯ ಹೆಸರು ಬರೆಯಿರಿ, ಪಕ್ಕದಲ್ಲಿ ಅದನ್ನು ಬರೆದ ದಿನಾಂಕವನ್ನೂ ಹಾಕಿ.